ಚೀಲದೊಳಗಿನ ಮೋತ್ಯಾನ ಸುಖಪ್ರಯಾಣ

ಮೊನ್ನೆ ಬೆಳಿಗ್ಗೆ ಪಕ್ಕದ ಮನೆಯ ಹುಡುಗಿ ಕಾಂಪೌಂಡ್ ಗೋಡೆಯ ಆಚೆಯಿಂದ ತಲೆ ಎತ್ತಿ, "ಅಂಕಲ್, ನಿಮ್ಮ ಮನ್ಯಾಗ ಹಳೇ ಗೋಣಿಚೀಲ ಏನರ ಐತೇನ್ರಿ?" ಎಂದು ಕೇಳಿದಳು. ಹುಡುಗಿ ಎಂದರೆ ನನ್ನ ವಯಸ್ಸಿನ ಲೆಕ್ಕದಲ್ಲಿ ಹುಡುಗಿ. ಇಲ್ಲೇ ಸಿಂಧನೂರಿನ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ, ಗಂಡನೂ ಹೇಳುತ್ತಾನೆ. ಇಬ್ಬರೂ ರಜೆಯಲ್ಲಿ ಸಮುದ್ರ ನೋಡಲು ಕಾರಿನಲ್ಲಿ ಹೊರಟಿದ್ದರು, ಜೊತೆಗೆ ಅವರ ನಾಯಿಯೂ ಹೊರಟಿತ್ತು. ಹಿಂದಿನ ಸೀಟಿನ ಮೇಲೆ ಅದಕ್ಕೊಂದು ಮೆತ್ತನೆಯ ಹಾಸಿಗೆ ಇದೆಯಂತೆ. ಆದರೆ ಅದು ಜಾರುತ್ತದಂತೆ. ಅಡಿಯಲ್ಲಿ ಒರಟಾದದ್ದೇನಾದರೂ ಹಾಸಿದರೆ ನಾಯಿಗೆ ತೊಂದರೆಯಾಗುವುದಿಲ್ಲವಂತೆ.

ಕುತೂಹಲಕ್ಕೆ ಹೋಗಿ ನೋಡಿದೆ, ದಂಗಾದೆ. ನಾಯಿಗೊಂದು ನೀರಿನ ಬಾಟಲಿ, ಒಂದು ಮಡಚುವ ಬಟ್ಟಲು, ಸೀಟಿಗೆ ಕಟ್ಟಲು ಬೆಲ್ಟು, ವಾಂತಿಯಾಗದಂತೆ ಗುಳಿಗೆ, ಗಾಳಿಗೆ ಅಂಗೈಯಗಲದ ಫ್ಯಾನು, ಬೇಜಾರು ಕಳೆಯಲು ರಬ್ಬರಿನ ಎಲುಬು. ಇವೆಲ್ಲದರ ಮೇಲೆ ಒಂದು ಫೈಲು, ಅದರೊಳಗೆ ನಾಯಿಗೆ ಹಾಕಿಸಿದ ಸೂಜಿಗಳ ವಿವರ. ನಾನು ನೌಕರಿಗೆ ಸೇರಿದ ದಿನ ನನ್ನ ಕೈಯಲ್ಲಿ ಇಷ್ಟು ಕಾಗದಗಳಿರಲಿಲ್ಲ. "ಇಷ್ಟೆಲ್ಲಾ ಬೇಕಾಗತೈತೇನವಾ?" ಎಂದೆ. "ಅದಕ್ಕ ಕಂಫರ್ಟ್ ಆಗಬೇಕಲ್ರಿ ಅಂಕಲ್" ಎಂದಳು. ಆ ಹುಡುಗಿಯ ಮುಖದಲ್ಲಿ ತಮಾಷೆ ಇರಲಿಲ್ಲ.

ಒಳಗೆ ಬಂದು ಅಟ್ಟದ ಮೇಲಿನ ಚೀಲವೊಂದನ್ನು ಎಳೆದು ಕೊಡವಿದೆ. ಗೋಣಿಚೀಲದ ವಾಸನೆ ನಿಮಗೆ ಗೊತ್ತಲ್ಲ? ಸೆಣಬು, ಧೂಳು, ಎಂದೋ ತುಂಬಿಟ್ಟ ಜೋಳ, ಎಲ್ಲ ಸೇರಿದ ವಾಸನೆ. ಅದು ಮೂಗಿಗೆ ಬಡಿದದ್ದೇ ತಡ, ನನ್ನ ಕೈ ನಿಂತಿತು. ನಾಯಿಯ ಪ್ರಯಾಣಕ್ಕೆ ಚೀಲ! ಆ ಹುಡುಗಿಗೆ ಏನು ಗೊತ್ತು, ಪಾಪ. ಈ ಊರಿನಲ್ಲಿ ಯಾರನ್ನು ಬೇಕಾದರೂ ಕೇಳಲಿ, ನನ್ನನ್ನು ಮಾತ್ರ ಕೇಳಬಾರದಿತ್ತು.

ಎಂಬತ್ತರ ದಶಕದ ನಡುವಿನ ಮಾತು. ನಾನಾಗ ಲಿಂಗಸುಗೂರಿನ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಮದುವೆಯಾಗಿ ಮೂರು ವರ್ಷವಾಗಿತ್ತು. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ನಾನು, ನನ್ನ ಹೆಂಡತಿ ಗಿರಿಜಾ, ನನ್ನ ಅವ್ವ, ಅವ್ವ ನಮ್ಮ ಹಳ್ಳಿ ಪಾಮನಕಲ್ಲೂರಿನಿಂದ ಹೊತ್ತು ತಂದ ದೇವರ ಪೆಟ್ಟಿಗೆ. ನಾಯಿ ಈ ಪಟ್ಟಿಯಲ್ಲಿ ಇರಲಿಲ್ಲ, ತಾನೇ ಬಂದು ಸೇರಿಕೊಂಡಿತು. ಮೈಯೆಲ್ಲ ಜೋಳದ ರೊಟ್ಟಿಯ ಬಣ್ಣ. ಒಂದು ಕಿವಿ ನೆಟ್ಟಗೆ, ಇನ್ನೊಂದು ಯಾವಾಗಲೂ ಮಡಚಿಕೊಂಡದ್ದು. ಗಿರಿಜಾ ಅದಕ್ಕೆ ಮೋತಿ ಎಂದು ಹೆಸರಿಟ್ಟಳು. ಮುತ್ತಿನಂಥದ್ದು ಅದರಲ್ಲಿ ಏನು ಕಂಡಳೋ! ಓಣಿಯವರು ಎರಡೇ ದಿನದಲ್ಲಿ ಅದನ್ನು ಮೋತ್ಯಾ ಮಾಡಿ ನೆಲಕ್ಕಿಳಿಸಿದರು.

ನನಗೂ ಮೋತ್ಯಾನಿಗೂ ಆಗಿಬರುತ್ತಿರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಅದು ನನ್ನ ಚಪ್ಪಲಿ ಒಯ್ಯುತ್ತಿತ್ತು. ಎರಡನ್ನೂ ಒಯ್ದಿದ್ದರೆ ಹೊಸದನ್ನು ತರುತ್ತಿದ್ದೆ. ಪ್ರತಿ ಸಲ ಒಂದನ್ನೇ ಒಯ್ಯುತ್ತಿತ್ತು, ಉಳಿದೊಂದರ ಆಸೆಗೆ ನಾನು ಓಣಿಯೆಲ್ಲ ತಿರುಗಬೇಕು. ನಮ್ಮ ಸಾಹೇಬರು ಒಮ್ಮೆ ಮನೆಗೆ ಬಂದಾಗ ಅವರನ್ನು ಬಾಗಿಲಲ್ಲೇ ತಡೆದು ವಿಚಾರಣೆ ನಡೆಸಿತು, ಅವರು ಕಚೇರಿಯಲ್ಲಿ ನಮ್ಮನ್ನು ವಿಚಾರಿಸುವ ಧಾಟಿಯಲ್ಲೇ. ಅವ್ವನೂ ಮೊದಮೊದಲು ನನ್ನ ಪಕ್ಷದಲ್ಲಿದ್ದಳು. "ಹೊಸ್ತಿಲಾ ದಾಟಿತಂದ್ರ ಕಾಲ ಮುರೀತೀನಿ" ಎನ್ನುತ್ತಿದ್ದಳು. ಅದು ದಾಟಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಅವ್ವನೇ ಹೊಸ್ತಿಲು ದಾಟಿ ಕಟ್ಟೆಯ ಮೇಲೆ ಕುಳಿತು ಅದರ ಜೊತೆ ಮಾತಿಗೆ ಶುರುವಿಟ್ಟಳು.

ಗಿರಿಜಾಳ ಮಾತು ಬೇರೆ. ಹೊಸ ಊರು, ಗುರುತಿಲ್ಲದ ಓಣಿ, ದಿನವಿಡೀ ಕಚೇರಿಯಲ್ಲಿರುವ ಗಂಡ. ಅವಳು ನೀರಿಗೆ ಹೋದರೆ ಮೋತ್ಯಾ ಮುಂದೆ ಹೋಗುತ್ತಿತ್ತು, ಸಂತೆಗೆ ಹೋದರೆ ಹಿಂದೆ. ನಾನು ಕಚೇರಿಯ ಕೆಲಸಕ್ಕೆ ರಾಯಚೂರಿಗೆ ಹೋಗಿ ಉಳಿದ ದಿನಗಳಲ್ಲಿ ಬಾಗಿಲಿಗೆ ಅಡ್ಡ ಬಿದ್ದುಕೊಳ್ಳುತ್ತಿತ್ತು. ಇದನ್ನೆಲ್ಲ ಅವಳು ನನಗೆ ಹೇಳುತ್ತಿದ್ದಳು, ನಾನು ಪೇಪರು ಓದುತ್ತ ಹೂಂಗುಡುತ್ತಿದ್ದೆ.

ಅಷ್ಟರಲ್ಲಿ ಸಿಂಧನೂರಿಗೆ ವರ್ಗವಾಯಿತು. ಕಾಗದ ಕೈಗೆ ಬಂದ ದಿನ ನಾನು ಮನೆಯಲ್ಲಿ ಆಡಿದ ಮೊದಲ ಮಾತು ಇದು: "ನಾಯಿ ಇಲ್ಲೇ ಇರಲಿ. ಓಣಿ ನಾಯಿ ಓಣ್ಯಾಗ ಇರಬೇಕು."

ಗಿರಿಜಾ ಜಗಳ ಮಾಡಲಿಲ್ಲ. ಜಗಳವಾಡಿದ್ದರೆ ಗೆಲ್ಲುತ್ತಿದ್ದೆನೋ ಏನೋ. ಎರಡು ದಿನ ಪಲ್ಯಕ್ಕೆ ಉಪ್ಪು ಬೀಳಲಿಲ್ಲ. ಮೂರನೆಯ ದಿನ ಅವ್ವನೇ ತಾಟು ಸರಿಸಿ ಬಾಯಿಬಿಟ್ಟಳು: "ಏ ತಮ್ಮಾ, ಆ ಮೂಕ ಪ್ರಾಣಿನ ಕರ್ಕೊಂಡ ನಡಿಯಪಾ. ಈ ಸಪ್ಪನ ಪಲ್ಯ ನನಗ ಇಳಿವಲ್ದು."

ಸೋತ ಗಂಡಸು ಏನು ಮಾಡುತ್ತಾನೆ ಗೊತ್ತೇ? ಸೋತ ಕೆಲಸದ ಯಜಮಾನಿಕೆಯನ್ನೇ ತಲೆಯ ಮೇಲೆ ಹೊತ್ತುಕೊಳ್ಳುತ್ತಾನೆ. ಮೋತ್ಯಾನ ಪ್ರಯಾಣದ ಪೂರಾ ಬಂದೋಬಸ್ತು ನನ್ನದು ಎಂದು ಸಾರಿಬಿಟ್ಟೆ. ನಾಯಿಯನ್ನು ಒಯ್ಯುವುದೇ ಆದರೆ ಅಚ್ಚುಕಟ್ಟಾಗಿ, ಅದರ ಮೈಗೆ ಒಂದು ಗೀರೂ ಬೀಳದಂತೆ ಒಯ್ಯಬೇಕು. ನೀವು ನಗಬೇಡಿ, ಆ ಕಾಲದಲ್ಲಿ ಲಿಂಗಸುಗೂರಿನಲ್ಲಿ ನಾಯಿಯ ಪ್ರಯಾಣಕ್ಕೆ ಹದಿನೈದು ದಿನ ಮೊದಲೇ ತಯಾರಿ ನಡೆಸಿದ ಮನುಷ್ಯ ನಾನೊಬ್ಬನೇ ಇದ್ದಿರಬೇಕು.

ಮೊದಲು ದನದ ದವಾಖಾನೆಯ ಕಂಪೌಂಡರರನ್ನು ಕೇಳಿದೆ. ಎತ್ತಿನ ಬಾಯಿಗೆ ಔಷಧಿ ಹಾಕುತ್ತಿದ್ದ ಅವರು ತಿರುಗಿಯೂ ನೋಡದೆ, "ಹೊಸಾ ವಸ್ತು ಕಂಡ್ರ ನಾಯಿ ಅಂಜತೈತ್ರಿ. ಯಾತರಾಗ ಒಯ್ತೀರೋ ಅದರಾಗ ಹತ್ತು ದಿನ ಮೊದಲ ಊಟಾ ಹಾಕ್ರಿ. ರೂಢಿ ಆಗತೈತಿ" ಎಂದರು. ಇಷ್ಟು ಹೊತ್ತಿಗೆ ಓಣಿಯಲ್ಲಿ ಸುದ್ದಿ ಹರಡಿ ಸಲಹೆಗಳು ತಾವಾಗಿಯೇ ಬರತೊಡಗಿದ್ದವು. ಎದುರು ಮನೆಯ ಮುದುಕರು, "ಓಡೂ ಗಿಡಾ ನೋಡಿದ್ರ ಅದಕ್ಕ ಚಕ್ಕರ ಬರತೈತಿ, ಜಿಗದ ಬಿಡತೈತಿ. ಕಣ್ಣಿಗೆ ಅರಬಿ ಕಟ್ರಿ" ಎಂದರು. ಕಣ್ಣಿಗೆ ಬಟ್ಟೆ ಕಟ್ಟುವುದೂ ಸರಿ ಎನಿಸಿತು.

ಮೊದಲು ಬುಟ್ಟಿ ತಂದೆ. ಮೋತ್ಯಾ ಬುಟ್ಟಿಯನ್ನು ತಿಂದು ಮುಗಿಸಿತು. ಪೆಟ್ಟಿಗೆಯಂಥ ಕಟ್ಟಿಗೆಯ ಖೋಕಾ ತಂದೆ. ಅದರೊಳಗೆ ಕಾಲಿಟ್ಟೊಡನೆ ಆದ ಸದ್ದಿಗೆ ಹೆದರಿ ಒಂದು ದಿನ ಮನೆ ಬಿಟ್ಟು ಹೋಯಿತು. ಕೊನೆಗೆ ಉಳಿದದ್ದು ಗೋಣಿಚೀಲ. ಗಿರಿಜಾ ಅದರ ಬಾಯಿಯ ಅಂಚು ಮಡಚಿ ಹೊಲಿದಳು, ತಳದಲ್ಲಿ ತನ್ನ ಹಳೆಯ ಸೀರೆ ಹಾಸಿದಳು. ನಾನು ಕಂಪೌಂಡರರು ಹೇಳಿದಂತೆ ಚೀಲದ ಬಾಯಿ ತೆರೆದಿಟ್ಟು ಒಳಗೆ ರೊಟ್ಟಿ ಇಟ್ಟೆ. ಮೊದಲ ದಿನ ಮೋತ್ಯಾ ಬರೀ ಕತ್ತು ಹಾಕಿ ರೊಟ್ಟಿ ಎಳೆದುಕೊಂಡು ಓಡಿತು. ಮೂರನೆಯ ದಿನ ಅರ್ಧ ಒಳಗೆ ಹೋಯಿತು. ವಾರ ಕಳೆಯುವಷ್ಟರಲ್ಲಿ ಚೀಲ ಬಿಚ್ಚಿದ ಸದ್ದು ಕೇಳಿದರೆ ಸಾಕು, ಎಲ್ಲಿದ್ದರೂ ಓಡಿ ಬಂದು ಒಳಹೊಕ್ಕು, ಎರಡು ಸುತ್ತು ತಿರುಗಿ ಮಲಗಿ, ಮೂತಿಯನ್ನಷ್ಟೇ ಹೊರಗಿಟ್ಟು ನನ್ನತ್ತ ನೋಡುತ್ತಿತ್ತು. ಆಮೇಲೆ ಅದನ್ನು ಚೀಲ ಸಮೇತ ಹೆಗಲ ಮೇಲೆ ಹೊತ್ತು ಓಣಿಯ ತುದಿಯವರೆಗೆ ಹೋಗಿ ಬರುವ ತಾಲೀಮು. ಮಂದಿ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು, ಒಳಗೊಳಗೆ ಹೆಮ್ಮೆಯೂ ಆಗುತ್ತಿತ್ತು. ನಾನು ಕಲಿಸಿದ್ದನ್ನು ಈ ಲೋಕದಲ್ಲಿ ಒಂದು ಪ್ರಾಣಿಯಾದರೂ ಕಲಿತಿತ್ತಲ್ಲ.

ಹೊರಡುವ ದಿನ ಅವ್ವ ಹೊಸ ತಕರಾರು ತೆಗೆದಳು. "ದೇವ್ರು, ನಾಯಿ ಒಂದ ಗಾಡ್ಯಾಗ ಹೋಗಂಗಿಲ್ಲ." ದೇವರ ಪೆಟ್ಟಿಗೆ ಸಾಮಾನಿಗಿಂತ ಮೊದಲು ಹೊಸ ಮನೆ ಸೇರಬೇಕು, ಹಾಲು ಉಕ್ಕಬೇಕು, ಆಮೇಲೆ ಉಳಿದದ್ದು. ಆದ್ದರಿಂದ ದೇವರು, ಅವ್ವ, ಗಿರಿಜಾ ಬಸ್ಸಿನಲ್ಲಿ. ಸಾಮಾನು ಮತ್ತು ಮೋತ್ಯಾ ಲಾರಿಯಲ್ಲಿ. ಲಾರಿಯ ಕ್ಯಾಬಿನ್ನಿನಲ್ಲಿ ನಾನು ಮೋತ್ಯಾನನ್ನು ಕಾಲ ಬಳಿ ಇಟ್ಟುಕೊಂಡು ಕೂರುವುದು ಎಂದು ಠರಾವಾಯಿತು. ಗಿರಿಜಾಳಿಗೆ ಮಾತು ಕೊಟ್ಟೆ.

ಲಾರಿಯ ಡ್ರೈವರ್ ದಢೇಸುಗೂರಿನ ಅಮರಪ್ಪ. ಕಾಲುವೆ ಕಡೆಯ ಭತ್ತ ಈ ಕಡೆ ಇಳಿಸಿ ಖಾಲಿ ಹೋಗುತ್ತಿದ್ದ, ನಮ್ಮ ಸಾಮಾನು ಹೇರಿಕೊಂಡ. ಒಳ್ಳೆಯ ಮನುಷ್ಯ, ಮಾತು ಕಡಿಮೆ. ಅವನು ಲಾರಿಗೆ ಒರಗಿ ನಿಂತು ನೋಡುತ್ತಿದ್ದಂತೆ ನಮ್ಮ ಮನೆಯವರು ಮೋತ್ಯಾನನ್ನು ಪ್ರಯಾಣಕ್ಕೆ ಅಣಿ ಮಾಡಿದರು. ಗಿರಿಜಾ ರೊಟ್ಟಿಗೆ ಬೆಲ್ಲ ತುಪ್ಪ ಹಚ್ಚಿ ತನ್ನ ಕೈಯಾರೆ ತಿನ್ನಿಸಿದಳು. ಅವ್ವ ಅದರ ಹಣೆಗೆ ವಿಭೂತಿ ಹಚ್ಚಿದಳು. ಮೋತ್ಯಾ ಚೀಲ ಹೊಕ್ಕು ಮಲಗಿತು. ನಾನು ಅದರ ಕಣ್ಣಿಗೆ ಬಟ್ಟೆ ಕಟ್ಟಿ, ಚೀಲದ ಬಾಯಿಯನ್ನು ಕುತ್ತಿಗೆಯ ಬಳಿ ಸಡಿಲವಾಗಿ ಬಿಗಿದೆ. ಕಣ್ಣು ಕಟ್ಟಿದ ಆ ಮುಖ ನೋಡಿ ಗಿರಿಜಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಈಗ ನಾನು ಲಾರಿ ಹತ್ತಬೇಕಿತ್ತು. ಬೆಳಗಿನ ಹತ್ತು ಗಂಟೆಗೇ ಕ್ಯಾಬಿನ್ ಕಾದ ಹೆಂಚಾಗಿತ್ತು. ಹೊಸ ಊರಿಗೆ ಕಾಲಿಡುವಾಗ ಚೆನ್ನಾಗಿ ಕಾಣಲೆಂದು ನಾನು ಇಸ್ತ್ರಿ ಮಾಡಿಸಿದ ಬಿಳಿ ಅಂಗಿ ತೊಟ್ಟಿದ್ದೆ. "ಅವ್ವಗ ಬಸ್ಸಿನಾಗ ವಾಂತಿ ಆಗತಾವು, ನಾ ಆಕಿ ಜೋಡಿ ಇರತೀನಿ" ಎಂದೆ. ಅವ್ವನಿಗೆ ಜೀವಮಾನದಲ್ಲಿ ಒಮ್ಮೆಯೂ ಬಸ್ಸಿನಲ್ಲಿ ವಾಂತಿಯಾಗಿರಲಿಲ್ಲ. ಅವಳು ನನ್ನ ಮುಖ ನೋಡಿದಳು, ಮಗನ ಮಾನ ಕಾಯಲು ಸುಮ್ಮನಾದಳು. ನಾನು ಅಮರಪ್ಪನ ಬಳಿ ಹೋಗಿ, "ಹಾದ್ಯಾಗ ಅದಕ್ಕ ಏನೂ ತ್ರಾಸ ಆಗಬಾರದು ನೋಡ್ರಿ" ಎಂದೆ. ಅವನು ಕಣ್ಣು ಮುಚ್ಚಿ ತಲೆಯಾಡಿಸಿ, "ತಿಳೀತ್ರಿ ಸಾಹೇಬ್ರ. ನೀವು ಇನ್ನೇನೂ ಹೇಳಬ್ಯಾಡ್ರಿ" ಎಂದ. ಎಂಥ ಸೂಕ್ಷ್ಮದ ಮನುಷ್ಯ ಎಂದುಕೊಂಡು ನಾನು ಕಿಟಕಿಯ ಪಕ್ಕದ ಸೀಟಿನಲ್ಲಿ ತಂಗಾಳಿ ತೆಗೆದುಕೊಳ್ಳುತ್ತ ಸಿಂಧನೂರು ತಲುಪಿದೆ.

ಬಲಗಾಲಿಟ್ಟು ಒಳಗೆ ಹೋದೆವು. ದೇವರು ಗೋಡೆಯ ಮಾಡದಲ್ಲಿ ಕುಳಿತರು. ಅವ್ವ ಒಲೆ ಹೊತ್ತಿಸಿ ಹಾಲಿಟ್ಟಳು. ಅಷ್ಟರಲ್ಲಿ ಲಾರಿ ಬಂತು, ಅವ್ವನೂ ಹೊರಗೆ ಬಂದಳು. ಅಮರಪ್ಪ ಇಳಿದವನೇ ಬೇರೆ ಯಾವ ಸಾಮಾನನ್ನೂ ಮುಟ್ಟದೆ, ನೀಟಾಗಿ ನಾಲ್ಕು ಮಡಿಕೆ ಮಾಡಿದ ಗೋಣಿಚೀಲವನ್ನು ತಂದು ನನ್ನ ಕೈಯಲ್ಲಿಟ್ಟ. ಅದರ ಮೇಲೆ ಗಿರಿಜಾಳ ಹಳೆಯ ಸೀರೆ, ಸೀರೆಯ ಮೇಲೆ ಕಣ್ಣಿಗೆ ಕಟ್ಟಿದ ಬಟ್ಟೆ.

"ಮೋತ್ಯಾ ಎಲ್ಲಿ?" ಎಂದಳು ಗಿರಿಜಾ.

ಅಮರಪ್ಪ ಅವಳತ್ತ ನೋಡಲಿಲ್ಲ. ನನ್ನ ಹತ್ತಿರ ಬಂದು ದನಿ ತಗ್ಗಿಸಿ ಹೇಳಿದ: "ಮಸ್ಕಿ ಹಳ್ಳಾ ದಾಟಿಸಿ ಬಿಟ್ಟೀನ್ರಿ. ನೀರ ದಾಟಿದ್ರ ವಾಸನಿ ಹಿಡದು ತಿರುಗಿ ಬರೂದಿಲ್ಲ. ಮಿರ್ಚಿ ಅಂಗಡಿ ಮುಂದ ಬಿಟ್ಟೀನಿ, ಹೊಟ್ಟಿಗೇನೂ ಕಡಿಮಿ ಆಗಂಗಿಲ್ಲ. ಮನಿ ಮಂದಿಗೆ ಮನಸ್ಸು ಬರೂದಿಲ್ರಿ ಇಂಥಾ ಕೆಲಸಕ್ಕ. ಪಾಪ ಏನಿದ್ರೂ ನನಗಿರಲಿ."

ಒಳಗೆ ಹಾಲು ಉಕ್ಕಿ ಒಲೆಯ ಮೇಲೆ ಸುರಿದು ಚುಂಯ್ ಎಂದಿತು. ಹೊಸ ಮನೆಗೆ ಅದು ಶುಭವಂತೆ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಉಳಿದವರಿಗೆ ಹೇಳುತ್ತೇನೆ. ನಮ್ಮ ಹಳ್ಳಿಗಳಲ್ಲಿ ನಾಯಿಯನ್ನು ಚೀಲದಲ್ಲಿ ಹಾಕುವುದು ಒಂದೇ ಕಾರಣಕ್ಕೆ: ಬೇಡವಾದ ನಾಯಿಯನ್ನು ದೂರ ಬಿಟ್ಟು ಬರಲು. ಹಾದಿ ಗುರುತು ಸಿಗಬಾರದೆಂದು ಕಣ್ಣು ಕಟ್ಟುತ್ತಾರೆ. ತಿರುಗಿ ಬರಬಾರದೆಂದು ಹಳ್ಳ ದಾಟಿಸುತ್ತಾರೆ. ಹೊರಡುವ ಮುಂಚೆ ಹೊಟ್ಟೆ ತುಂಬ ತಿನ್ನಿಸುತ್ತಾರೆ, ಅದರ ಶಾಪ ತಟ್ಟದಿರಲಿ ಎಂದು. ಬಿಟ್ಟು ಬರುವವನಿಗೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹೇಳಿದವರಿಗೆ ಪಾಪ ಅಂಟುತ್ತದೆ. ಚೀಲ ಕೈಗಿಟ್ಟರೆ ಅವನು ತಿಳಿದುಕೊಳ್ಳಬೇಕು. ಪಾಮನಕಲ್ಲೂರಿನಲ್ಲಿ ನಾನೇ ಚಿಕ್ಕಂದಿನಲ್ಲಿ ಹತ್ತಾರು ಸಲ ಕಂಡ ಪದ್ಧತಿ ಇದು. ನಮ್ಮ ಅವ್ವನಿಗೂ ಗೊತ್ತು, ಎದುರು ಮನೆಯ ಮುದುಕರಿಗೂ ಗೊತ್ತು. ಆದರೂ ಹದಿನೈದು ದಿನ ನಮಗ್ಯಾರಿಗೂ ಹೊಳೆಯಲಿಲ್ಲ. ಮೋತ್ಯಾನ ಸುಖಕ್ಕೆಂದು ನಾವು ಒಂದೊಂದಾಗಿ ಸೇರಿಸಿದ್ದೆಲ್ಲ ಕೂಡಿ ಅದನ್ನು ಹೊರಹಾಕುವ ಶಾಸ್ತ್ರವಾಗಿತ್ತು.

"ಬಿಟ್ಟು ಬರಾಕ ಯಾರ ಹೇಳಿದ್ರೋ ನಿನಗ?" ಎಂದು ಅವ್ವ ಚೀರಿದಳು. ಅಮರಪ್ಪನ ಮುಖ ಬಿಳಿಚಿಕೊಂಡಿತು. "ಅಯ್ಯ ಶಿವನ! ಕಣ್ಣು ಕಟ್ಟಿದ್ರಿ. ಬೆಲ್ಲಾ ರೊಟ್ಟಿ ತಿನಿಸಿದ್ರಿ. ತಂಗೆವ್ವ ಅತ್ತಳು. ಸಾಹೇಬ್ರು ಜೋಡಿ ಕೂಡತೀನಿ ಅಂದಾವ್ರು ಬಸ್ಸಿಗೆ ಹೋದ್ರು. ನಾ ಇನ್ನೇನ ತಿಳೀಬೇಕ್ರಿ ಯವ್ವಾ?"

ಗಿರಿಜಾ ನನ್ನತ್ತ ತಿರುಗಿದಳು. "ನೀವ ಹೇಳಿದ್ರೇನ್ರಿ?"

"ದೇವರಾಣಿ ಇಲ್ಲ."

"ಮತ್ತ ಲಾರ್ಯಾಗ ಯಾಕ ಕೂಡಲಿಲ್ಲ?"

ಅಂಗಿಯ ಇಸ್ತ್ರಿ ಕೆಡುತ್ತಿತ್ತು ಎಂದು ಹೇಗೆ ಹೇಳುವುದು? ಹದಿನೈದು ದಿನದ ಹಿಂದೆ ನಾಯಿ ಇಲ್ಲೇ ಇರಲಿ ಎಂದ ಬಾಯಿ ನನ್ನದೇ. ಕಟ್ಟಿಕೊಂಡ ಹೆಂಡತಿ ನನ್ನನ್ನು ಕಳ್ಳನನ್ನು ನೋಡುವಂತೆ ನೋಡುತ್ತಿದ್ದಳು. ಮೋತ್ಯಾ ಸಿಗದಿದ್ದರೆ ಈ ನೋಟ ನನ್ನ ಸಂಸಾರದಲ್ಲಿ ಕಾಯಂ ಉಳಿಯುತ್ತದೆ ಎಂಬುದು ಅಲ್ಲೇ ಗೊತ್ತಾಯಿತು.

ಸಾಮಾನು ಅಂಗಳದಲ್ಲೇ ಬಿಟ್ಟು, ಅವ್ವನನ್ನು ಕಾವಲಿಗಿಟ್ಟು, ನಾವಿಬ್ಬರೂ ಮಸ್ಕಿಯ ಬಸ್ಸು ಹಿಡಿದೆವು. ಗಿರಿಜಾ ಆ ಮಡಚಿದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಯಾಕೆ ತಂದೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಕಾಲುವೆಯ ನೀರು ಹಿಂದಾಯಿತು, ಭತ್ತದ ಗದ್ದೆಗಳು ಹಿಂದಾದವು, ಕರಿಯ ಎರೆಹೊಲಗಳು ಶುರುವಾದವು. ದಾರಿಯಲ್ಲಿ ಕಂಡ ಪ್ರತಿ ನಾಯಿಯೂ ಮೋತ್ಯಾನಂತೆ ಕಾಣುತ್ತಿತ್ತು. ನಮ್ಮ ಸೀಮೆಯಲ್ಲಿ ಜೋಳದ ರೊಟ್ಟಿಯ ಬಣ್ಣದ ನಾಯಿಗಳು ಇಷ್ಟೊಂದು ಇವೆ ಎಂದು ನನಗೆ ಅಂದೇ ಗೊತ್ತಾದದ್ದು.

ಮಸ್ಕಿ ಹಳ್ಳದ ಸೇತುವೆ ಇನ್ನೂ ಮುಂದಿರುವಾಗಲೇ, ಈ ದಂಡೆಯಲ್ಲಿ ಇಳಿದೆವು. ಅಮರಪ್ಪ ಹೇಳಿದ ಮಿರ್ಚಿ ಅಂಗಡಿ ರಸ್ತೆಯ ಪಕ್ಕದಲ್ಲೇ ಇತ್ತು. ತಗಡಿನ ಚಪ್ಪರ, ಒಂದು ಬೆಂಚು, ಕಾದ ಎಣ್ಣೆಯ ಬಾಣಲೆ, ಬಾಣಲೆಯ ಹಿಂದೆ ದುರುಗಮ್ಮ ಎಂಬ ಗಟ್ಟಿ ಹೆಂಗಸು. ಬೆಂಚಿನ ಕೆಳಗೆ, ಮುಂಗಾಲ ನಡುವೆ ಮೂತಿ ಇಟ್ಟುಕೊಂಡು ಮೋತ್ಯಾ.

ನಮ್ಮನ್ನು ಕಂಡದ್ದೇ ಅದು ಹಾರಿ ಬಂತು. ಗಿರಿಜಾ ನೆಲಕ್ಕೆ ಕುಳಿತು ಅದನ್ನು ತಬ್ಬಿಕೊಂಡಳು. ನಾನು ನಿಟ್ಟುಸಿರು ಬಿಡುವಷ್ಟರಲ್ಲಿ ದುರುಗಮ್ಮ ಎಣ್ಣೆ ಸೋರುವ ಝಾರಾ ಹಿಡಿದುಕೊಂಡೇ ಎದ್ದು ಬಂದಳು.

"ಯಾಕ ಬಂದೀರಿ ಈಗ? ಚೀಲದಾಗ ಹಾಕಿ ಒಗದ ಮಂದಿ ನೀವ ಏನು? ಬಿಟ್ಟಾಗಿಂದ ಹೋಗೂ ಲಾರಿ ಲಾರಿ ಹಿಂದ ಓಡಾಕತ್ತಿತ್ತು ಅದು. ನಾ ಹಿಡದು ಕೂಡಿಸದಿದ್ರ ಗಾಲಿ ಕೆಳಗ ಹೋಗತಿತ್ತು."

ನಾನು ತಪ್ಪು ತಿಳುವಳಿಕೆಯಾಗಿದೆ ಎಂದು ಶುರು ಮಾಡಿದೆ. ನಾಯಿಗೆ ಸುಖವಾಗಲಿ ಎಂದು ಚೀಲ, ಚಕ್ಕರ ಬರಬಾರದೆಂದು ಕಣ್ಣಿಗೆ ಬಟ್ಟೆ. ಹೇಳುತ್ತ ಹೋದಂತೆ ನನ್ನ ಕಿವಿಗೇ ಅದು ಹಸಿ ಸುಳ್ಳಾಗಿ ಕೇಳಿಸಿತು. ಒಗ್ಗರಣೆ ಮಂಡಾಳ ತಿನ್ನುತ್ತಿದ್ದ ನಾಲ್ಕಾರು ಜನ ಎದ್ದು ಬಂದು ಸುತ್ತುವರಿದರು. "ಸುಖಾ ಆಗಲಿ ಅಂತ ನಾಯಿಗೆ ಕಣ್ಣ ಕಟ್ಟಿದ್ನಂತ!" ಎಂದು ಒಬ್ಬ ನಕ್ಕ. "ಓದಿದಾವ್ರು ನೋಡ್ರಿ, ಬಿಳೀ ಅಂಗಿ" ಎಂದ ಇನ್ನೊಬ್ಬ. ದುರುಗಮ್ಮನ ಕಣ್ಣು ಗಿರಿಜಾಳ ಕೈಯಲ್ಲಿದ್ದ ಚೀಲದ ಮೇಲೆ ಬಿತ್ತು. "ಮತ್ತ ಚೀಲ ತಂದೀರಿ! ಈ ಸಲ ಎಲ್ಲಿಗೆ, ತುಂಗಭದ್ರಾ ದಾಟಸ್ತೀರಿ? ಬಿಲ್ಕುಲ್ ಕೊಡಂಗಿಲ್ಲ. ನಡೀರಿ."

ಯಾರ ಗುರುತೂ ಇಲ್ಲದ ಊರಿನಲ್ಲಿ, ನಡುರಸ್ತೆಯಲ್ಲಿ, ನನ್ನದೇ ನಾಯಿಯ ಮುಂದೆ ನಾನು ಅಪರಾಧಿ. ನನ್ನ ಪರವಾಗಿ ಸಾಕ್ಷಿ ಹೇಳುವವರು ಯಾರೂ ಇರಲಿಲ್ಲ, ಹೆಂಡತಿಯೂ ತಲೆ ತಗ್ಗಿಸಿ ಕುಳಿತಿದ್ದಳು. ಆಗ, ಅಳುವನ್ನು ಒರೆಸಿಕೊಳ್ಳಲೋ ಏನೋ, ಅವಳು ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟಳು. ಮಡಿಕೆ ಬಿಚ್ಚಿ ಅದರ ಬಾಯಿ ತೆರೆದುಕೊಂಡಿತು.

ಮೋತ್ಯಾ ಅದನ್ನು ಒಮ್ಮೆ ಮೂಸಿತು. ಬಾಲವಾಡಿಸುತ್ತ ಒಳಗೆ ನಡೆಯಿತು. ಎರಡು ಸುತ್ತು ತಿರುಗಿ, ಮಲಗಿ, ಮೂತಿಯನ್ನು ಹೊರಗಿಟ್ಟು ನನ್ನತ್ತ ನೋಡಿತು, ಹೊರಡೋಣವೇ ಎಂಬ ಹಾಗೆ.

ಸುತ್ತಲಿದ್ದವರು ಬಗ್ಗಿ ನೋಡಿದರು. ಚೀಲದಲ್ಲಿ ಹಾಕಿ ಒಗೆದ ನಾಯಿ ಇನ್ನೊಮ್ಮೆ ಚೀಲ ಕಂಡರೆ ಊರು ಬಿಟ್ಟು ಓಡುತ್ತದೆ, ಇದು ಅಲ್ಲಿ ನೆರೆದವರಿಗೆಲ್ಲ ಗೊತ್ತಿದ್ದ ಮಾತು. ದುರುಗಮ್ಮ ಝಾರಾ ಇಳಿಸಿದಳು. ಅದನ್ನೇ ನೋಡುತ್ತ, "ಇದಕ್ಕ ಮೋಸ ಅಂದ್ರ ಏನಂತನ ಗೊತ್ತಿಲ್ಲ ನೋಡವ್ವಾ" ಎಂದಳು, ನನಗಲ್ಲ, ಗಿರಿಜಾಳಿಗೆ. ಆಮೇಲೆ, "ಒಯ್ಯಿರಿ. ಈ ಸಲರ ಜೋಡಿ ಕೂಡ್ರಿ" ಎಂದಳು. ಅದು ನನಗೆ.

ಸಿಂಧನೂರಿನತ್ತ ಹೊರಟ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಜಾಗ ಸಿಕ್ಕಿತು. ಚೀಲವನ್ನೂ ಅದರೊಳಗಿನ ಮೋತ್ಯಾನನ್ನೂ ತೊಡೆಯ ಮೇಲಿಟ್ಟುಕೊಂಡು, ಒಂದು ಕೈಯಿಂದ ಹಲಗೆ ಹಿಡಿದು, ಧೂಳು ಕುಡಿಯುತ್ತ ಕುಳಿತೆ. ಬಿಳಿ ಅಂಗಿ ಕೆಂಪಾಯಿತು. ಅರ್ಧ ದಾರಿ ಕಳೆದ ಮೇಲೆ ಗಿರಿಜಾ ಬಾಯಿಬಿಟ್ಟಳು. "ನೀವು ಹೇಳಿಲ್ಲ ಅಂತ ನಂಬತೀನ್ರಿ." ಗೆದ್ದೆ ಎನ್ನಿಸಬೇಕಿತ್ತು ನನಗೆ. ಅನ್ನಿಸಲಿಲ್ಲ.

ಮೋತ್ಯಾ ಆಮೇಲೆ ಸಿಂಧನೂರಿನಲ್ಲಿ ಬಹಳ ವರ್ಷ ಬಾಳಿತು, ತೊಂಬತ್ತರ ದಶಕವನ್ನೂ ಕಂಡು, ಮುದಿಯಾಗಿ, ಹೊಸ್ತಿಲ ಒಳಗೆ ಅವ್ವನ ಕೌದಿಯ ಮೇಲೆ ಸತ್ತಿತು. ಅಮರಪ್ಪ ಸಿಕ್ಕಾಗಲೆಲ್ಲ ಅದರ ಕ್ಷೇಮ ಕೇಳುತ್ತಿದ್ದ. ನಾನು ಕೊನೆಯ ಗಳಿಗೆಯಲ್ಲಿ ಮನಸ್ಸು ಬದಲಿಸಿದೆ ಎಂದೇ ಅವನ ನಂಬಿಕೆ. "ಛಲೋ ಮಾಡಿದ್ರಿ ಸಾಹೇಬ್ರ, ತಿರುಗಿ ತಂದ್ರಿ" ಎನ್ನುತ್ತಿದ್ದ. ನಾನು ಈ ಕಥೆಯನ್ನು ಮದುವೆ ಮುಂಜಿಗಳಲ್ಲಿ, ಕಚೇರಿಯ ಚಹಾದ ಹೊತ್ತಿನಲ್ಲಿ ನೂರು ಸಲ ಹೇಳಿದ್ದೇನೆ. ಎಲ್ಲರೂ ಹೊಟ್ಟೆ ಹಿಡಿದು ನಗುತ್ತಾರೆ. ಒಂದು ಚೂರನ್ನು ಮಾತ್ರ ಎಲ್ಲೂ ಹೇಳಿಲ್ಲ. ಈಗ ನಿಮಗೆ ಹೇಳುತ್ತೇನೆ.

ಅಮರಪ್ಪ ಹಳ್ಳ ದಾಟಿಸಿ ಬಿಟ್ಟೆ ಎಂದನಲ್ಲ, ಆಗ ನನಗೆ ಆಘಾತವಾಯಿತು, ನಿಜ. ಆದರೆ ಅದಕ್ಕೂ ಮೊದಲು, ಕಣ್ಣು ಮಿಟುಕಿಸುವಷ್ಟು ಹೊತ್ತು, ನನ್ನ ಎದೆ ಹಗುರಾಗಿತ್ತು. ಪೀಡೆ ಕಳೆಯಿತು ಎಂದಿತ್ತು ಒಳಗಿನದೊಂದು ದನಿ. ಹದಿನೈದು ದಿನ ಅದನ್ನು ಹೆಗಲ ಮೇಲೆ ಹೊತ್ತು ತಿರುಗಿದವನು ನಾನೇ, ಹಾಗೆ ಅಂದುಕೊಂಡವನೂ ನಾನೇ. ಇಂಥವನು ನನ್ನೊಳಗೆ ಇದ್ದಾನೆ ಎಂಬ ಗಾಬರಿ ಇವತ್ತಿಗೂ ಹೋಗಿಲ್ಲ. ಮಸ್ಕಿಯಲ್ಲಿ ಮೋತ್ಯಾ ಚೀಲ ಹೊಕ್ಕು ನನ್ನತ್ತ ನೋಡಿದಾಗ ನನ್ನ ಕಣ್ಣಲ್ಲಿ ನೀರು ಬಂದದ್ದು ಸಂತೋಷಕ್ಕೆ ಎಂದೇ ಎಲ್ಲರೂ ತಿಳಿದರು.

ಮೊನ್ನೆ ಪಕ್ಕದ ಮನೆಯವರಿಗೆ ಚೀಲ ಕೊಟ್ಟು, ಅವರ ಕಾರು ಓಣಿ ದಾಟುವುದನ್ನು ನೋಡಿ ಬಂದು ಕಟ್ಟೆಯ ಮೇಲೆ ಕುಳಿತೆ. ಹುಡುಗಿ ಹಿಂದಿನ ಸೀಟಿನಲ್ಲಿ ನಾಯಿಯ ಪಕ್ಕದಲ್ಲೇ ಕುಳಿತಿದ್ದಳು. ಗಿರಿಜಾ ಚಹಾ ತಂದಳು. ಏನಾಯಿತೋ ಗೊತ್ತಿಲ್ಲ, ಇಷ್ಟು ವರ್ಷ ಗಂಟಲಲ್ಲಿ ಇಟ್ಟುಕೊಂಡದ್ದನ್ನು ಅವಳ ಮುಂದೆ ಹೇಳಿಬಿಟ್ಟೆ. ಹೇಳುತ್ತ ಬಸಿಗೆ ಸುರಿಯುತ್ತಿದ್ದ ಚಹಾ ಅಂಚು ಮೀರಿ ಕಟ್ಟೆಯ ಮೇಲೆ ಚೆಲ್ಲಿತು.

"ಗೊತ್ತೈತಿ" ಎಂದಳು ಗಿರಿಜಾ.

ನಾನು ಬೆಚ್ಚಿಬಿದ್ದೆ. "ಏನ ಗೊತ್ತೈತಿ?"

"ಅಮರಪ್ಪ ಹೇಳೂವಾಗ ಅತ್ತಿ ಅವನ ಮುಖಾ ನೋಡಾಕತ್ತಿದ್ರು. ನಾ ನಿಮ್ಮ ಮುಖಾ ನೋಡಾಕತ್ತಿದ್ದೆ."

"ಮತ್ತ ಟ್ರ್ಯಾಕ್ಟರಿನಾಗ ನಂಬತೀನಿ ಅಂದಿ?"

"ನೀವು ಹೇಳಿಲ್ಲ ಅನ್ನೂದು ನಂಬಿದೆ. ಉಳಿದದ್ದು ನೀವ ಹೇಳ್ತೀರಿ ಅಂತ ಸುಮ್ಮನಾದೆ." ಅವಳು ಚೆಲ್ಲಿದ ಚಹಾವನ್ನು ಸೆರಗಿನ ತುದಿಯಿಂದ ಒರೆಸಿದಳು. "ಇಷ್ಟು ವರ್ಷಾ ಬೇಕಾಗತಾವು ಅಂತ ಗೊತ್ತಿರಲಿಲ್ಲ."